ಕುಣಿತಕ್ಕೂ ಕಾಯಿದೆ, ಗೆಳೆತನಕ್ಕೂ ಕಾಯಿದೆ



ಒಂದೇ ಪಾತ್ರೆಯ ಸಾರನ್ನು ನಾಲ್ಕು ಜನ ಉಂಡರೆ ಒಬ್ಬರಿಗೆ ಉಪ್ಪು ಮುಂದು, ಇನ್ನೊಬ್ಬರಿಗೆ ಹುಳಿ ಹಿಂದು. ಸಿನಿಮಾದ ಹಣೆಬರಹವೂ ಅಷ್ಟೇ ನೋಡಿ. ನೋಡಿದವರ ಬಾಯಿ ನಾಲ್ಕಿದ್ದರೆ ಅಭಿಪ್ರಾಯ ಐದು. ಅದರಲ್ಲೂ ಕೆಲವು ಚಿತ್ರಗಳ ವಿಷಯದಲ್ಲಿ ಒಂದು ಸ್ವಾರಸ್ಯವಿರುತ್ತದೆ. ಅವುಗಳ ಮೇಲೆ ಜನ ಆಡುವ ಮಾತಿನಿಂದ ಚಿತ್ರ ಎಂಥದ್ದೆಂದು ತಿಳಿಯುವುದಿರಲಿ, ಆಡಿದವರು ಎಂಥವರೆಂದು ಚೆನ್ನಾಗಿ ತಿಳಿದುಬಿಡುತ್ತದೆ.

ಅಂಥದೊಂದು ಚಿತ್ರ 'ಬೀಟ್ಸ್'. 2019ರಲ್ಲಿ ತೆರೆಕಂಡ ಸ್ಕಾಟ್ಲೆಂಡಿನ ಚಿತ್ರ. ನಿರ್ದೇಶಕರು ಬ್ರಯಾನ್ ವೆಲ್ಷ್. ವಸ್ತು ಏನೆಂದಿರಾ? ರೇವ್! ಅಗೋ, ನೀವು ಹುಬ್ಬೇರಿಸಿದ್ದು ನನಗೆ ಇಲ್ಲಿಂದಲೇ ಕಂಡಿತು. ನಮ್ಮ ಪಾಲಿಗೆ 'ರೇವ್ ಪಾರ್ಟಿ' ಎಂಬ ಪದ ಬರುವುದೇ ಪತ್ರಿಕೆಯ ಅಪರಾಧದ ಪುಟದಿಂದ. ಊರಾಚೆಯ ತೋಟದ ಮನೆ, ಪೊಲೀಸರ ದಾಳಿ, ಮುಖ ಮುಚ್ಚಿಕೊಂಡು ಜೀಪು ಹತ್ತುವ ಹುಡುಗ ಹುಡುಗಿಯರು. ಇಷ್ಟು ಬಿಟ್ಟರೆ ಆ ಪದದ ಹಿಂದೆ ಏನಿತ್ತು, ಎಲ್ಲಿ ಹುಟ್ಟಿತು, ಯಾಕೆ ಹುಟ್ಟಿತು ಎಂದು ಕೇಳುವ ವ್ಯವಧಾನ ಯಾರಿಗಿದೆ ಹೇಳಿ. ಅದಕ್ಕೇ ಮೊದಲು ಆ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. ಒಲೆಯ ಮೇಲೆ ಏನಾದರೂ ಇದ್ದರೆ ಉರಿ ಸಣ್ಣ ಮಾಡಿ ಬನ್ನಿ.

ಜಪಾನಿನ ರೋಲ್ಯಾಂಡ್ ಕಂಪನಿ 1980ರ ದಶಕದ ಆರಂಭದಲ್ಲಿ ಒಂದು ಪುಟ್ಟ ಬೆಳ್ಳಿ ಬಣ್ಣದ ಪೆಟ್ಟಿಗೆಯನ್ನು ಮಾರುಕಟ್ಟೆಗೆ ತಂದಿತು. ಹೆಸರು ಟಿ.ಬಿ. 303. ಒಂಟಿಯಾಗಿ ಗಿಟಾರು ಅಭ್ಯಾಸ ಮಾಡುವವರಿಗೆ ಹಿಂದಿನಿಂದ ಮಂದ್ರದ ಜೊತೆ ಕೊಡಲಿ ಎಂಬುದು ಅದರ ಉದ್ದೇಶ. ಯಾರೂ ಮೆಚ್ಚಲಿಲ್ಲ, ಕೆಲವೇ ವರ್ಷಗಳಲ್ಲಿ ತಯಾರಿಕೆ ನಿಂತೂ ಹೋಯಿತು. ಆಮೇಲೆ ಅಮೆರಿಕದ ಶಿಕಾಗೋ ನಗರದ ಹುಡುಗರು ಅದನ್ನು ಅಗ್ಗಕ್ಕೆ ಕೊಂಡು, ಅದರ ಗುಂಡಿಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಿ, ಯಾರೂ ಕೇಳಿರದ ಒಂದು ಸದ್ದು ಹೊರಡಿಸಿದರು. 'ಆಸಿಡ್ ಹೌಸ್' ಎಂಬ ಸಂಗೀತ ಹುಟ್ಟಿದ್ದು ಹಾಗೆ. ಇಲ್ಲೊಂದು ಬೆರಗಿನ ಸಂಗತಿ ಕೇಳಿ. ಅದಕ್ಕೂ ಮೊದಲೇ, 1982ರಲ್ಲಿ, ನಮ್ಮ ಮುಂಬಯಿಯ ಚಲನಚಿತ್ರ ವಾದ್ಯಗಾರ ಚರಣ್‌ಜಿತ್ ಸಿಂಗ್ ಅದೇ ಪೆಟ್ಟಿಗೆ ಇಟ್ಟುಕೊಂಡು ಹತ್ತು ರಾಗಗಳ ಧ್ವನಿಮುದ್ರಿಕೆ ಮಾಡಿದ್ದರು. ಯಮನ್ ಇತ್ತು, ಭೂಪಾಲಿ ಇತ್ತು. ಆಗ ಕೇಳುವವರಿರಲಿಲ್ಲ. 2010ರಲ್ಲಿ ಮತ್ತೆ ಬಿಡುಗಡೆಯಾದಾಗ ಪಶ್ಚಿಮದವರು ಮೂಗಿನ ಮೇಲೆ ಬೆರಳಿಟ್ಟರು!

ಶಿಕಾಗೋದ ಆ ಸಂಗೀತ ಬ್ರಿಟನ್ನಿಗೆ ಬಂದದ್ದು 1987-88ರ ಹೊತ್ತಿಗೆ. ಮೊದಲು ಲಂಡನ್, ಮ್ಯಾಂಚೆಸ್ಟರುಗಳ ಕ್ಲಬ್ಬುಗಳಲ್ಲಿ. ಆಮೇಲೆ ಹಳೆಯ ಉಗ್ರಾಣಗಳಲ್ಲಿ, ಬಯಲುಗಳಲ್ಲಿ. 1989ರಲ್ಲಂತೂ ಲಂಡನ್ನನ್ನು ಸುತ್ತುವ ಹೆದ್ದಾರಿಯ ಆಸುಪಾಸಿನಲ್ಲಿ ವಾರ ವಾರವೂ ಸಾವಿರಾರು ಜನ. ಎಲ್ಲಿ ಸೇರುವುದೆಂದು ಮೊದಲೇ ಯಾರಿಗೂ ಗೊತ್ತಿಲ್ಲ. ರಾತ್ರಿ ಒಂದು ನಂಬರಿಗೆ ಫೋನ್ ಮಾಡಿದರೆ ಜಾಗ ತಿಳಿಯುತ್ತದೆ, ಕಾರುಗಳ ಸಾಲು ಅತ್ತ ಹೊರಡುತ್ತದೆ. ಬೆಳಗಿನವರೆಗೆ ಕುಣಿತ. 1992ರ ಮೇ ತಿಂಗಳ ಕೊನೆಯಲ್ಲಿ ಕ್ಯಾಸಲ್‌ಮಾರ್ಟನ್ ಎಂಬ ಹಳ್ಳಿಯ ಗೋಮಾಳದಲ್ಲಿ ಏನಿಲ್ಲವೆಂದರೂ 20 ಸಾವಿರ ಜನ ಸೇರಿ ಒಂದು ವಾರದ ತನಕ ಬೀಡುಬಿಟ್ಟರು. ಹಳ್ಳಿಯವರಿಗೆ ಹಗಲೂ ರಾತ್ರಿಯೂ ನಿದ್ದೆಯಿಲ್ಲ. ಅವರ ಸಿಟ್ಟಿನಲ್ಲಿ ನ್ಯಾಯವಿತ್ತು, ಇಲ್ಲವೆನ್ನಲಾರೆ. ಮನೆ ಮುಂದಿನ ಪೆಂಡಾಲಿನಲ್ಲಿ ಧ್ವನಿವರ್ಧಕ ಕಟ್ಟಿದಾಗ ಪರೀಕ್ಷೆಗೆ ಓದುವ ಮಕ್ಕಳಿರುವ ನಮಗೆ ಆ ಸಂಕಟ ಗೊತ್ತಿಲ್ಲದ್ದೇನಲ್ಲ.

ಸರ್ಕಾರ ಏನು ಮಾಡಿತು? 1994ರಲ್ಲಿ ಕಾಯಿದೆಯನ್ನೇ ತಂದಿತು. ರಾತ್ರಿ ಹೊತ್ತು ಬಯಲಿನಲ್ಲಿ 100 ಜನ ಅಥವಾ ಹೆಚ್ಚು ಜನ ಸೇರಿ, ಸುತ್ತಲಿನವರಿಗೆ ತೀವ್ರ ತೊಂದರೆಯಾಗುವಂತೆ ಸಂಗೀತ ಹಾಕಿದರೆ ಪೊಲೀಸರು ಚದುರಿಸಬಹುದು, ಧ್ವನಿವರ್ಧಕಗಳನ್ನು ಕಿತ್ತುಕೊಂಡು ಹೋಗಬಹುದು, ಐದು ಮೈಲಿ ದೂರದಲ್ಲೇ ಜನರನ್ನು ತಡೆದು ವಾಪಸು ಕಳಿಸಬಹುದು. ಇಷ್ಟೇ ಆಗಿದ್ದರೆ ಬಹುಶಃ ಇಂದು ಯಾರೂ ಸಿನಿಮಾ ತೆಗೆಯುತ್ತಿರಲಿಲ್ಲ. ಆ ಕಾಯಿದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸಂಗೀತವೆಂದರೆ ಯಾವುದೆಂದೂ ವಿವರಿಸಿತು. ಒಂದರ ಹಿಂದೊಂದು ಮರುಕಳಿಸುವ ತಾಳವೇ ಪ್ರಧಾನವಾಗಿರುವ ಸದ್ದು ಕೂಡ ಅದರಲ್ಲಿ ಸೇರಿತು! ಅಲ್ಲಾ, ಮರುಕಳಿಸದ ತಾಳ ಎಲ್ಲಿದೆ ಸ್ವಾಮಿ? ನಮ್ಮ ಡೊಳ್ಳು ಮರುಕಳಿಸುವುದಿಲ್ಲವೇ? ಕಂಸಾಳೆ ಮರುಕಳಿಸುವುದಿಲ್ಲವೇ? 'ಆಟೆಕರ್' ಎಂಬ ಇಂಗ್ಲಿಷ್ ವಾದ್ಯಗಾರರ ಜೋಡಿ ಅದೇ ವರ್ಷ, ಒಂದು ಆವರ್ತದಂತೆ ಇನ್ನೊಂದಿಲ್ಲದ ತಾಳವನ್ನು ಬೇಕೆಂದೇ ಕಟ್ಟಿ ಧ್ವನಿಮುದ್ರಿಕೆ ಹೊರತಂದು ಕಾಯಿದೆಯನ್ನು ಅಣಕಿಸಿತು. ಲಂಡನ್ನಿನಲ್ಲಿ ಆ ವರ್ಷ ಮೂರು ದೊಡ್ಡ ಮೆರವಣಿಗೆಗಳಾದವು. ಆದರೂ ನವೆಂಬರಿನಲ್ಲಿ ಮಸೂದೆ ಕಾಯಿದೆಯಾಯಿತು. ಇಂಗ್ಲೆಂಡು, ವೇಲ್ಸ್‌ಗಳಲ್ಲಿ 2003ರ ತಿದ್ದುಪಡಿ ಆ ನೂರು ಜನರನ್ನು ಇಪ್ಪತ್ತಕ್ಕೆ ಇಳಿಸಿತು.

ಈಗ ಚಿತ್ರಕ್ಕೆ ಬರೋಣ. ಕಾಯಿದೆ ಇನ್ನೇನು ಬರಬೇಕು ಎನ್ನುವ 1994ರ ಬೇಸಿಗೆ. ಸ್ಕಾಟ್ಲೆಂಡಿನ ಒಂದು ಸಾಧಾರಣ ಊರು. ಇಬ್ಬರು ಹದಿಹರೆಯದ ಗೆಳೆಯರು, ಜಾನೊ ಮತ್ತು ಸ್ಪ್ಯಾನರ್. ಜಾನೊ ಮೆದು ಸ್ವಭಾವದ ಹುಡುಗ. ತಾಯಿ ಆಲಿಸನ್, ಅವಳ ಸಂಗಾತಿ ಒಬ್ಬ ಪೊಲೀಸಿನವನು. ಕಷ್ಟಪಟ್ಟು ಒಂದು ಮೆಟ್ಟಿಲು ಮೇಲೇರಿದ ಸಂಸಾರ. ಹೊಸ ಬಡಾವಣೆಯ ಹೊಸ ಮನೆಗೆ ಹೊರಡಲು ಗಂಟುಮೂಟೆ ಕಟ್ಟುತ್ತಿದ್ದಾರೆ. ಸ್ಪ್ಯಾನರನದು ಬೇರೆಯೇ ಹಣೆಬರಹ. ಅವನಿಗಿರುವುದು ಹೊಡೆದು ಬಡಿದು ಹಿಂಸಿಸುವ, ಕಳ್ಳದಂಧೆಯ ಅಣ್ಣನೊಬ್ಬ. ಈ ಹುಡುಗನ ಸಹವಾಸ ಜಾನೊಗೆ ಬೇಡವೆಂದು ಮನೆಯಲ್ಲಿ ತೀರ್ಮಾನವಾಗಿದೆ. ಬಡಾವಣೆ ಬದಲಾದರೆ ಗೆಳೆತನವೂ ತಾನೇ ಮುಗಿಯುತ್ತದಲ್ಲ! ಇಬ್ಬರಿಗೂ ಅದು ಗೊತ್ತು. ಪರವಾನಗಿಯಿಲ್ಲದ ರೇಡಿಯೋ ಒಂದರಲ್ಲಿ ಕೇಳಿದ ರೇವ್‌ಗೆ, ಅದೊಂದು ರಾತ್ರಿ ಒಟ್ಟಿಗೆ ಹೋಗಿಯೇ ಬಿಡುವುದೆಂದು ಹೊರಡುತ್ತಾರೆ. ಇಷ್ಟೇ ಕಥೆ. ಇಡೀ ಚಿತ್ರ ಕಪ್ಪು ಬಿಳುಪು. ಕುಣಿತದ ನಡುವೆ ಮಾತ್ರ ಒಮ್ಮೆ ಬಣ್ಣ ಉಕ್ಕಿ ಬರುತ್ತದೆ.

ಮೂಲತಃ ಇದು ಕೀರನ್ ಹರ್ಲಿ ಬರೆದ 2012ರ ನಾಟಕ. ಅವರೊಬ್ಬರೇ ರಂಗದ ಮೇಲೆ ನಿಂತು, ಪಕ್ಕದಲ್ಲಿ ಸಂಗೀತ ಹಾಕುವವರೊಬ್ಬರನ್ನು ಇಟ್ಟುಕೊಂಡು ಹೇಳುತ್ತಿದ್ದ ಕಥೆ. ಚಿತ್ರದಲ್ಲಿ ಜಾನೊ ಆಗಿ ಕ್ರಿಸ್ಟಿಯನ್ ಒರ್ಟೆಗಾ, ಸ್ಪ್ಯಾನರ್ ಆಗಿ ಲೋರ್ನ್ ಮ್ಯಾಕ್‌ಡೊನಾಲ್ಡ್, ತಾಯಿಯಾಗಿ ಲಾರಾ ಫ್ರೇಸರ್ ಅಭಿನಯಿಸಿದ್ದಾರೆ.

ನೋಡಿದವರು ಏನೆನ್ನುತ್ತಾರೆ? ಮೊದಲನೆಯ ಗುಂಪು ಆ ಕಾಲದಲ್ಲಿ ಹರೆಯದವರಾಗಿದ್ದವರು. ಈಗ ಅವರಿಗೆ ಐವತ್ತರ ಆಸುಪಾಸು, ಅವರ ಮಕ್ಕಳೇ ಕಾಲೇಜಿಗೆ ಹೋಗುವ ವಯಸ್ಸು. ಅವರಿಗೆ ಇದು ಚಿತ್ರವಲ್ಲ, ಹಳೆಯ ಟ್ರಂಕಿನ ಬಟ್ಟೆಯ ವಾಸನೆ. "ಹೌದು, ಹೀಗೇ ಇತ್ತು" ಎಂದು ಕಣ್ಣು ಒರೆಸಿಕೊಳ್ಳುವವರು ಕೆಲವರು. "ಎಲ್ಲಿ ಬಂತು, ನಾವು ಕಂಡದ್ದೇ ಬೇರೆ" ಎಂದು ಜಗಳಕ್ಕೆ ನಿಲ್ಲುವವರು ಕೆಲವರು. ನಮ್ಮೂರ ತೇರು ನಮ್ಮ ಬಾಲ್ಯದಲ್ಲಿ ಇನ್ನೂ ಎತ್ತರವಿತ್ತು ಎನ್ನುವುದಿಲ್ಲವೇ ನಾವು, ಹಾಗೆ.

ಎರಡನೆಯ ಗುಂಪು ಕಥೆಯನ್ನು ತಕ್ಕಡಿಗೆ ಹಾಕುವವರು. ದುಷ್ಟ ಅಣ್ಣ ಎಲ್ಲ ಚಿತ್ರಗಳಲ್ಲೂ ಇರುವ ದುಷ್ಟ ಅಣ್ಣನೇ, ಜೊತೆಗೆ ಬರುವ ಹುಡುಗಿಯರಿಗೆ ಹೆಚ್ಚು ಕೆಲಸವೇ ಇಲ್ಲ ಎನ್ನುತ್ತಾರೆ. ಈ ಎರಡನೆಯ ಮಾತನ್ನು ನಾನೂ ಒಪ್ಪುತ್ತೇನೆ. ಆ ಹುಡುಗಿಯರು ಗಟ್ಟಿಗಿತ್ತಿಯರು, ನಗಿಸುತ್ತಾರೆ. ಆದರೆ ಅವರ ಮನೆಯಲ್ಲಿ ಏನಿತ್ತು, ಅವರು ಯಾವುದರಿಂದ ತಪ್ಪಿಸಿಕೊಂಡು ಕುಣಿಯಲು ಬಂದರು ಎಂದು ಕ್ಯಾಮರಾ ತಿರುಗಿ ನೋಡುವುದೇ ಇಲ್ಲ.

ಮೂರನೆಯವರ ಆಕ್ಷೇಪಣೆ ಗಂಭೀರವಾದದ್ದು. ಹುಡುಗರು ಚಿತ್ರದಲ್ಲಿ ಮಾದಕ ಗುಳಿಗೆ ನುಂಗುತ್ತಾರೆ. 'ಎಕ್ಸ್‌ಟಸಿ' ಎಂದು ಅದರ ಹೆಸರು. ನುಂಗಿದೊಡನೆ ಕಪ್ಪು ಬಿಳುಪು ಲೋಕಕ್ಕೆ ಬಣ್ಣ ಬರುತ್ತದೆ. ಇದು ವಿಷಕ್ಕೆ ಜಾಹೀರಾತು ಕೊಟ್ಟ ಹಾಗಲ್ಲವೇ ಎಂದು ಅವರು ಕೇಳುತ್ತಾರೆ. ತಳ್ಳಿಹಾಕುವ ಪ್ರಶ್ನೆಯಲ್ಲ ಇದು. 1995ರ ನವೆಂಬರಿನಲ್ಲಿ ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ 18 ತುಂಬಿದ ಹುಡುಗಿಯೊಬ್ಬಳು ಆ ಗುಳಿಗೆ ನುಂಗಿ, ನೀರು ಹೆಚ್ಚು ಕುಡಿಯಬೇಕೆಂಬ ಮಾತು ನಂಬಿ, ಒಂದೂವರೆ ಗಂಟೆಯಲ್ಲಿ ಸುಮಾರು 7 ಲೀಟರ್ ನೀರು ಕುಡಿದು, ರಕ್ತದಲ್ಲಿನ ಉಪ್ಪಿನ ಅಂಶ ಕುಸಿದು, ಮಿದುಳು ಊದಿಕೊಂಡು ತೀರಿಕೊಂಡಳು. ಇಡೀ ದೇಶವೇ ತಲ್ಲಣಿಸಿತು. ಆದರೆ ಸೋದರಿಯರೇ, ಇದು ನಡೆದದ್ದು ಎಲ್ಲಿ ಗೊತ್ತೇ? ಬಯಲಿನಲ್ಲಲ್ಲ, ಉಗ್ರಾಣದಲ್ಲಲ್ಲ. ಅವಳ ಸ್ವಂತ ಮನೆಯಲ್ಲಿ, ಅವಳದೇ ಹುಟ್ಟುಹಬ್ಬದ ಸಂಭ್ರಮದಲ್ಲಿ, ದೊಡ್ಡವರು ಮನೆಯಲ್ಲಿರುವಾಗಲೇ. ಗುಳಿಗೆಗೆ ಬಯಲೂ ಒಂದೇ, ಮನೆಯೂ ಒಂದೇ. ತಾಳವನ್ನು ನಿಷೇಧಿಸಿದರೆ ಗುಳಿಗೆ ನಿಲ್ಲುತ್ತದೆಂದು ನಂಬುವುದು, ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡ ಹಾಗೆ.

ನಾಲ್ಕನೆಯ ಗುಂಪೇ ನಾವು, ತಾಯಂದಿರು. ನಮ್ಮ ಮನೆಯಲ್ಲಿ ಈ ಚಿತ್ರವನ್ನು ನಾಲ್ವರು ಕೂತು ನೋಡಿದೆವು. ನಾನು, ಇಬ್ಬರು ಗಂಡುಮಕ್ಕಳ ತಾಯಿಯಾದ ನನ್ನ ನಾದಿನಿ, ಕಾಲೇಜಿಗೆ ಹೋಗುವ ನನ್ನ ಅಣ್ಣನ ಮಗಳು, ಮತ್ತು ನಿವೃತ್ತರಾದ ಪಕ್ಕದ ಮನೆಯ ಟೀಚರಮ್ಮ. ಸ್ಕಾಟ್ಲೆಂಡಿನವರ ಉಚ್ಚಾರ ನಮ್ಮ ಕಿವಿಗೆ ಹತ್ತಲಿಲ್ಲ, ಕೆಳಗಿನ ಅಕ್ಷರ ಓದಿಕೊಂಡೇ ನೋಡಿದೆವು. ಬೈಗುಳ ಧಾರಾಳವಾಗಿದೆ, ಚಿಕ್ಕ ಮಕ್ಕಳನ್ನು ಕೂರಿಸಿಕೊಂಡು ನೋಡುವ ಚಿತ್ರವಂತೂ ಅಲ್ಲ, ಹೇಳಿಬಿಟ್ಟಿದ್ದೇನೆ.

ಮುಗಿದದ್ದೇ ತಡ, ನಾದಿನಿ ಶುರುಮಾಡಿದಳು. "ಅತ್ತಿಗೆ, ಆ ತಾಯಿ ಮಾಡಿದ್ದೇ ಸರಿ. ಬೆಳೆದು ನಿಂತ ಮಗನ ಪಕ್ಕದಲ್ಲಿ ಅಂಥವನೊಬ್ಬ ಬಂದು ನಿಂತರೆ ಹೆತ್ತ ಕರುಳು ಸುಮ್ಮನಿರತ್ತಾ? ಸಹವಾಸದಿಂದ ಸನ್ಯಾಸಿ ಕೆಟ್ಟ ಅಂತ ಗಾದೇನೇ ಇಲ್ವಾ?"

ಹುಡುಗಿ ಬಿಡುವವಳೇ? "ಆಂಟಿ, ಸ್ಪ್ಯಾನರ್ ಏನು ಕೆಡಿಸಿದ ಹೇಳಿ ನೋಡೋಣ. ಅವನ ಅಣ್ಣ ಹೊಡೀತಾನೆ. ಅದು ಇವನ ತಪ್ಪಾ?"

"ದುಡ್ಡು ಕದ್ದನಲ್ಲೇ!"

"ಕದ್ದ, ಒಪ್ಪಿದೆ. ಯಾಕೆ ಕದ್ದ? ಗೆಳೆಯ ದೂರ ಹೋಗ್ತಾನೆ, ಕೊನೇ ಸಲ ಒಟ್ಟಿಗಿರೋಣ ಅಂತ. ಅವನಿಗೆ ಇದ್ದಿದ್ದು ಅದೊಂದೇ ಗೆಳೆತನ ಆಂಟಿ, ಅದರ ಬಾಗಿಲನ್ನೂ ಹಾಕಿಬಿಟ್ರು."

ಟೀಚರಮ್ಮ ಅಲ್ಲಿಯವರೆಗೆ ಸುಮ್ಮನಿದ್ದವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ ಅಂದರು: "ಮೂವತ್ತೆರಡು ವರ್ಷ ಪಾಠ ಹೇಳಿದ್ದೀನಮ್ಮಾ. 'ನಮ್ಮ ಹುಡುಗ ಚಿನ್ನದಂಥವನು ಟೀಚರ್, ಪಕ್ಕದಲ್ಲಿ ಕೂರೋನು ಕೆಡಿಸ್ತಾ ಇದಾನೆ' ಅಂತ ಎಷ್ಟು ಜನ ತಾಯಂದಿರು ಬಂದು ಹೇಳಿದಾರೆ! ಒಂದು ಗಂಟೆ ಬಿಟ್ಟು ಆ ಪಕ್ಕದವನ ತಾಯಿ ಬರೋಳು. ಅವಳೂ ಅದನ್ನೇ ಹೇಳೋಳು."

ನಾವೆಲ್ಲ ನಕ್ಕೆವು. ನಾದಿನಿಯೂ ನಕ್ಕಳು. ಆದರೆ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಸ್ಪ್ಯಾನರನ ಪರವಾಗಿ ಹಾಗೆ ಬಂದು ಹೇಳುವ ತಾಯಿಯೇ ಆ ಚಿತ್ರದಲ್ಲಿಲ್ಲ! ಯಾರ ಪರವಾಗಿ ಮಾತಾಡುವವರಿಲ್ಲವೋ ಅವನೇ 'ಕೆಟ್ಟ ಸಹವಾಸ' ಎನಿಸಿಕೊಳ್ಳುತ್ತಾನೆ. ನಮ್ಮ ಬೀದಿಯಲ್ಲೂ ಹಾಗೇ ಅಲ್ಲವೇ? ಒಳ್ಳೆಯ ಇಸ್ತ್ರಿ ಬಟ್ಟೆಯ ಹುಡುಗ ತಪ್ಪು ಮಾಡಿದರೆ 'ವಯಸ್ಸು' ಎನ್ನುತ್ತೇವೆ. ಮಾಸಿದ ಅಂಗಿಯವನು ಮಾಡಿದರೆ 'ಮನೆತನ' ಎನ್ನುತ್ತೇವೆ.

ಹಾಗೆಂದು ಆಲಿಸನ್ ಕೆಟ್ಟವಳೇ? ಖಂಡಿತ ಅಲ್ಲ. ಅವಳ ಭಯ ನಿಜವಾದದ್ದು. ಸ್ಪ್ಯಾನರನ ಮನೆಯಲ್ಲಿ ಹಿಂಸೆ ಇರುವುದು ನಿಜ, ಗುಳಿಗೆಯ ಅಪಾಯ ನಿಜ. ಕೆಳಗಿನಿಂದ ಮೇಲೆ ಬಂದ ಹೆಂಗಸಿಗೆ ಮತ್ತೆ ಜಾರುವ ದಿಗಿಲು ಹೇಗಿರುತ್ತದೆಂದು, ಸಾಲ ತೀರಿಸಿ ಸ್ವಂತ ಸೂರು ಮಾಡಿಕೊಂಡ ನಮಗೆ ಬೇರೆ ಹೇಳಬೇಕೇ? ಆದರೆ ಅವಳು ಮಾಡಿದ ಉಪಾಯ ನೋಡಿ. ಗುಂಪಿನಲ್ಲಿ ಗುಳಿಗೆ ಮಾರುವವನೊಬ್ಬನಿದ್ದಾನೆಂದು ಸರ್ಕಾರ ಇಡೀ ತಾಳವನ್ನೇ ಕಾಯಿದೆಗೆ ಸೇರಿಸಿದ ಹಾಗೆ, ಸ್ಪ್ಯಾನರನ ಅಣ್ಣ ಕೆಟ್ಟವನೆಂದು ಅವಳು ಇಡೀ ಗೆಳೆತನಕ್ಕೇ ಕಾಯಿದೆ ಹಾಕಿದಳು. ಎರಡರ ಫಲವೂ ಒಂದೇ. ಕುಣಿಯುವವರು ಕದ್ದು ಕುಣಿದರು. ಮಗ ಕದ್ದು ಹೋದ. ಕದ್ದು ಹೋದ ಮಗ ಎಲ್ಲಿದ್ದಾನೆ, ಏನು ನುಂಗಿದ್ದಾನೆ, ಯಾರ ಜೊತೆಯಿದ್ದಾನೆ ಎಂದು ಆ ರಾತ್ರಿ ತಾಯಿಗೆ ತಿಳಿಯುವ ದಾರಿಯೇ ಮುಚ್ಚಿಹೋಯಿತು. ಬೇಲಿ ಎತ್ತರ ಮಾಡಿದಷ್ಟೂ ಆಚೆಗಿನದು ಕಾಣುವುದಿಲ್ಲ, ನೋಡಿ.

ಇನ್ನೊಂದು ಮಾತು. ಜಾನೊಗೆ ಸ್ಪ್ಯಾನರ್ ಏನು ಕೊಟ್ಟನೆಂದು ಯಾವ ತಾಯಿಯೂ ಲೆಕ್ಕ ಹಾಕುವುದಿಲ್ಲ. ಬಾಯಿಬಿಟ್ಟು ಮಾತಾಡದ ಆ ಹುಡುಗ ಕುಣಿಯಲು ಕಲಿತದ್ದು, ಗಟ್ಟಿಯಾಗಿ ನಕ್ಕದ್ದು, ಒಬ್ಬನನ್ನು ಅಪ್ಪಿಕೊಂಡು 'ನೀನು ನನಗೆ ಬೇಕು' ಎನ್ನುವಂತಾದದ್ದು ಅವನಿಂದಲೇ. ಗಂಡುಮಕ್ಕಳಿಗೆ ಅದನ್ನು ನಾವು ಮನೆಯಲ್ಲಿ ಕಲಿಸುತ್ತೇವೆಯೇ? 'ಗಂಡಸಾಗಿ ಅಳ್ತೀಯಾ' ಎನ್ನುವವರು ನಾವೇ ತಾನೇ!

ಹಾಗಾದರೆ ಏನು ಮಾಡಬೇಕು ಎನ್ನುತ್ತೀರಿ. ಮಗನ ಅಥವಾ ಮಗಳ ಗೆಳೆಯರ ಬಳಗದಲ್ಲಿ ಒಬ್ಬರ ಬಗ್ಗೆ ನಿಮಗೆ ಅಳುಕಿದ್ದರೆ, ಬಾಗಿಲಾಚೆ ನಿಲ್ಲಿಸಿ ಕಳಿಸಬೇಡಿ. ಒಳಗೆ ಕರೆಯಿರಿ, ಎರಡು ದೋಸೆ ಹಾಕಿಕೊಡಿ. ಹೆಸರು ಕೇಳಿ, ಮನೆಯಲ್ಲಿ ಯಾರು ಯಾರಿದ್ದಾರೆ ಕೇಳಿ. ಹೊಟ್ಟೆ ತುಂಬಿದ ಹುಡುಗರು ಬಚ್ಚಿಡುವುದಕ್ಕಿಂತ ಹೇಳಿಬಿಡುವುದೇ ಹೆಚ್ಚು. ನಿಮ್ಮ ಅಳುಕು ಸರಿಯೋ ತಪ್ಪೋ ಎಂಬುದು ಮೂರನೆಯ ದೋಸೆಯ ಹೊತ್ತಿಗೆ ಗೊತ್ತಾಗಿರುತ್ತದೆ.

ಮಾದಕ ಗುಳಿಗೆಯ ಮಾತಿಗೆ ಮಾತ್ರ ರಾಜಿ ಬೇಡ. ಆದರೆ ಬರೀ 'ಬೇಡ' ಎಂದರೆ ಸಾಲದು, ಯಾಕೆ ಬೇಡವೆಂದು ಹೇಳಿ. ಅದನ್ನು ನುಂಗಿ ಸೆಕೆಯಲ್ಲಿ ಗಂಟೆಗಟ್ಟಲೆ ಕುಣಿದರೆ ಮೈಯ ಬಿಸಿ ಪ್ರಾಣಾಂತಿಕವಾಗಿ ಏರಬಹುದು, ನೀರು ಮಿತಿಮೀರಿದರೂ ಪ್ರಾಣಕ್ಕೆ ಕುತ್ತು, ಮಾರುವವನು ಕೊಟ್ಟ ಗುಳಿಗೆಯಲ್ಲಿ ನಿಜವಾಗಿ ಏನಿದೆಯೆಂದು ನುಂಗುವವನಿಗೆ ತಿಳಿಯದು, ನಮ್ಮ ದೇಶದ 1985ರ ಮಾದಕವಸ್ತು ಕಾಯಿದೆಯಡಿ ಅದು ಜೈಲಿನ ದಾರಿ. ಹಾಗೆಯೇ ಇನ್ನೊಂದು ಮಾತನ್ನೂ ಹೇಳಿಟ್ಟಿರಿ: "ಎಷ್ಟು ಹೊತ್ತಾದರೂ ಸರಿ, ಏನೇ ಆಗಿದ್ದರೂ ಸರಿ, ಫೋನ್ ಮಾಡು. ಮೊದಲು ಬಂದು ಕರಕೊಂಡು ಹೋಗ್ತೀನಿ. ಪ್ರಶ್ನೆ ಎಲ್ಲ ಬೆಳಿಗ್ಗೆ ಕಾಫಿ ಆದಮೇಲೆ." ಗೆಳೆಯರಲ್ಲಿ ಯಾರಾದರೂ ಕುಸಿದರೆ ಬಿಟ್ಟು ಓಡಬಾರದು, 108ಕ್ಕೆ ಫೋನ್ ಮಾಡಬೇಕು, ಏನು ನುಂಗಿದ್ದಾರೆಂದು ವೈದ್ಯರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು. ಇದನ್ನು ನಿಮ್ಮ ಮಗುವಿಗೆ ಮಾತ್ರವಲ್ಲ, ದೋಸೆ ತಿನ್ನಲು ಬಂದ ಆ ಇನ್ನೊಬ್ಬನಿಗೂ ಹೇಳಿ. ಅವನಿಗೆ ಹೇಳುವವರು ಬೇರೆ ಯಾರೂ ಇಲ್ಲದಿರಬಹುದು.

ಚಿತ್ರ ಸಿಕ್ಕರೆ ನೋಡಿ. ಸಂಗೀತ ನಿಮಗೆ ಗದ್ದಲವೆನಿಸಿದರೆ ಧ್ವನಿ ತಗ್ಗಿಸಿಕೊಳ್ಳಿ, ಬೇಸರವಿಲ್ಲ. ಆದರೆ ಆ ಇಬ್ಬರು ಹುಡುಗರ ಮುಖದ ಮೇಲಿನ ನಗು ಮಾತ್ರ ತಪ್ಪಿಸಿಕೊಳ್ಳಬೇಡಿ. ನಾದಿನಿ ಇಂದಿಗೂ ಆಲಿಸನ್ನಳದೇ ಸರಿ ಎನ್ನುತ್ತಾಳೆ. ಅಣ್ಣನ ಮಗಳು ಸ್ಪ್ಯಾನರನ ಪಕ್ಷ ಬಿಟ್ಟುಕೊಟ್ಟಿಲ್ಲ. ನೀವು ಯಾರ ಕಡೆ? ಬರೆದು ತಿಳಿಸಿ. ಬರೆಯುವಾಗ, ನಿಮ್ಮ ಬೀದಿಯ ಸ್ಪ್ಯಾನರ್ ಯಾರೆಂದು ಒಮ್ಮೆ ನೆನೆದುಕೊಳ್ಳಿ. ಹೆಸರು ಬರೆಯುವುದು ಬೇಡ, ಅವನನ್ನು ಒಂದು ದಿನ ಊಟಕ್ಕೆ ಕರೆಯಿರಿ. ಸಾಕು.